ಹದಿನೇಳನೆಯ ಪ್ರಶ್ನೆ

ಬದಿಯಡ್ಕದ ಮೇಲಿನ ಪೇಟೆ, ಬೇಕರಿಯ ಮಹಡಿ.
ಬನ್ನು ಬೇಯುವ ವಾಸನೆಯಲ್ಲಿ ಕೂತು ನಾವಿಬ್ಬರು
ರಸ್ತೆಯ ಫಲಕಗಳನ್ನು ಭಾಷೆಗಳಿಗೆ ಹಂಚುತ್ತೇವೆ.
ಮಿಸ್ರಿಯಾ ಕೋಡು ಬರೆಯುತ್ತಾಳೆ.
ನಾನು, ಹನ್ನೊಂದು ವರ್ಷ
ಮೆಲ್ಲ ಕ್ಲಚ್ಚು ಬಿಡಿ, ಮೆಲ್ಲ ಎಂದು ಹೇಳಿಕೊಟ್ಟವಳು,
ಪದ ಹುಡುಕುತ್ತೇನೆ.

ಕೋಷ್ಟಕದಲ್ಲಿ ಆರು ಕಂಬ ನೆಟ್ಟಿದ್ದೇವೆ:
ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಟಿ, ಬ್ಯಾರಿ.
ಫಲಕ ಮಾತ್ರ ಒಂದೇ,
ಯಾರ ಮನೆಯಲ್ಲೂ ಮಾತು ಕಲಿಯದ್ದು.

ಮೊದಲ ವಾರ ಬರೀ ತಾಪತ್ರಯ.
ಉತ್ತರಗಳನ್ನು ಕಲಸಿ ಕೊಡು ಎಂದರೆ
‘ಮೇಲಿನ ಎಲ್ಲವೂ ಸರಿ’ ಎಂಬುದು
ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತು.
ಅದರ ಮೇಲೆ ಗಂಟೆ, ಬ್ಯಾಟರಿ, ಅಷ್ಟೆ.
ಒತ್ತಕ್ಷರ ಕಳಚಿ
ರಸ್ತೆ ರಸ್‌ತೆಯಾಗಿ ನಡುವೆ ಬಾಯಿ ಬಿಟ್ಟಿತು.
‘ಫಾಂಟಿಗೂ ಹೊಂಡ ಬೀಳುತ್ತದಾ ಮಾರಾಯ್ತಿ’
ಎಂದಳು ಮಿಸ್ರಿಯಾ.

ಹದಿನೇಳನೆಯ ಪ್ರಶ್ನೆ. ತಲೆಕೆಳಗಾದ ತ್ರಿಕೋನ.
‘ದಾರಿ ಬಿಡಿ’ ಎಂದು ಬರೆದೆ.
ತುಳುವಿಗೆ ‘ಸಾದಿ ಬುಡ್ಲೆ’. ಕೊಂಕಣಿಯಲ್ಲೂ ಬಿಡುವುದೇ.
ಮಲಯಾಳದಲ್ಲಿ ಮಾತ್ರ ದಾರಿ ಕೊಡಬೇಕು.
ಬಿಡುವುದಾದರೆ ಅದು ನನ್ನದಾಗಿತ್ತೇ,
ಕೊಡುವುದಾದರೆ ಮತ್ತೆ ಸಿಗುತ್ತದೆಯೇ
ಎಂದೆಲ್ಲ ನಾನು ಯೋಚಿಸುತ್ತಿರುವಾಗ
‘ನಮ್ಮಲ್ಲಿ ದಾರಿಗೆ ಬಲಿ ಅನ್ನುವುದು’ ಎಂದಳು,
ತೆರೆಯಿಂದ ಕಣ್ಣೆತ್ತದೆ.
ಆರನೆಯ ಕಂಬದಲ್ಲಿ, ಕನ್ನಡ ಲಿಪಿಯಲ್ಲಿ, ಅಚ್ಚುಕಟ್ಟಾಗಿ:
ಬಲಿ.

ನಾನು ನಕ್ಕೆ. ಅವಳೂ ನಕ್ಕಳು.
ಆಮೇಲೆ ಕೆಳಗೆ ಟ್ರೇ ಎಳೆಯುವ ಸದ್ದು ಮಾತ್ರ.

ಸುಪ್ರಭಾ. ಸ್ಕೂಟಿಯಲ್ಲಿ ಎಂಟು ಹಾಕುವಾಗ
ಒಮ್ಮೆಯೂ ಕಾಲು ನೆಲಕ್ಕೆ ಊರಿದವಳಲ್ಲ.
ಚೆರ್ಕಳದ ಇಳಿಜಾರಿನಲ್ಲಿ ಎದುರು ಬಂದದ್ದು
ದಾರಿ ಬಿಡಲೂ ಇಲ್ಲ, ಕೊಡಲೂ ಇಲ್ಲ.
ಅವಳ ಲೈಸೆನ್ಸು ಅಂಚೆಯಲ್ಲಿ ಬಂತು,
ಹದಿಮೂರನೆಯ ದಿನ.
ಅಂಚೆಯವನು ಚಪ್ಪಲಿಗಳ ರಾಶಿ ನೋಡಿ
ಅಂಗಳದಲ್ಲೇ ನಿಂತಿದ್ದನಂತೆ.

ಪರೀಕ್ಷೆಗೆಂದು ಐತಪ್ಪಣ್ಣನನ್ನು ಕರೆದೆವು.
ಮೂವತ್ತು ವರ್ಷ ಮುಳ್ಳೇರಿಯಾಕ್ಕೆ ಕೆಂಪುಕಲ್ಲಿನ ಲಾರಿ.
ಯಾವ ಲಿಪಿಯೂ ಬಾರದು.
ಫೋನನ್ನು ಎರಡೂ ಕೈಯಲ್ಲಿ ಹಿಡಿದರು,
ತುಂಬಿದ ಗಿಂಡಿಯ ಹಾಗೆ.
ಅಂಕುಡೊಂಕು ಬಾಣಕ್ಕೆ: ‘ಇದು ನೀರ್ಚಾಲಿನದ್ದು.’
ಮಕ್ಕಳು ದಾಟುವ ಚಿತ್ರಕ್ಕೆ:
‘ಆ ಶಾಲೆ ಮುಚ್ಚಿಯಾಯಿತು.
ಆದರೂ ಅಲ್ಲಿ ಮೂರನೇ ಗೇರು. ಅಭ್ಯಾಸ.’
ಒಂದೊಂದಕ್ಕೂ ಫೋನು ಕೆಂಪು ಗೀಟು ಎಳೆಯಿತು.
ಇಪ್ಪತ್ತರಲ್ಲಿ ಮೂರು.
‘ಹಾಗಾದರೆ ಮೂವತ್ತು ವರ್ಷ
ರಿವರ್ಸಿನಲ್ಲಿ ವಾಪಾಸು ಹೋಗಬೇಕಾ?’

ಹದಿನೇಳನೆಯದಕ್ಕೆ ಅವರು ಬೆರಳು ಒತ್ತಲೇ ಇಲ್ಲ.
ತ್ರಿಕೋನವನ್ನು ತುಸು ಹೊತ್ತು ನೋಡಿ
‘ಎದುರುದಾಯಗ್ಲಾ ಇಲ್ಲ್ ಉಂಡು’ ಎಂದರು.
ಎದುರಿನವನಿಗೂ ಮನೆ ಉಂಟು.

ಕೊಟ್ಟ ನಾಲ್ಕರಲ್ಲಿ ಆ ಉತ್ತರ ಇರಲಿಲ್ಲ.

ಈಗ ಏಳನೆಯ ಕಂಬ ನೆಟ್ಟಿದ್ದೇವೆ, ಧ್ವನಿಗೆ.
ತುಳುವಿನದು ಐತಪ್ಪಣ್ಣನ ದನಿ.
ನಡುವಿನ ಕೆಮ್ಮು ಕತ್ತರಿಸಲಾ ಎಂದಳು ಮಿಸ್ರಿಯಾ.
ಬೇಡ ಎಂದೆ, ಕಲ್ಲಿನ ಧೂಳು ಅದು, ಇರಲಿ.
ಬಲಿಯನ್ನೂ ತಿದ್ದಿಲ್ಲ.
ಅವಳ ಭಾಷೆಯಲ್ಲಿ ಅದು ಸರಿಯಾದ ಉತ್ತರ.
ನನ್ನ ಭಾಷೆಯಲ್ಲಿ ಓದಿದವರ ಕಾಲು
ತಟಕ್ಕನೆ ಬ್ರೇಕಿಗೆ ಹೋದರೆ, ಹೋಗಲಿ.

ಕೆಳಗೆ ಪೇಟೆಯಲ್ಲಿ ಎರಡು ಬಸ್ಸು
ಮೂತಿಗೆ ಮೂತಿ ಇಟ್ಟು ಬೊಬ್ಬಿಡುತ್ತಿವೆ.
ಮಿಸ್ರಿಯಾ ಕಿಟಕಿ ಮುಚ್ಚಿ ಬಂದು ಕೂರುತ್ತಾಳೆ.
ಹದಿನೆಂಟನೆಯ ಪ್ರಶ್ನೆ:
ಹಾರ್ನ್ ನಿಷೇಧಿಸಲಾಗಿದೆ.